ಲೂಯಿ ಬ್ರೈಲನ ಬಾಲ್ಯ ಮತ್ತು ಚುಕ್ಕೆ ಲಿಪಿಯ ಉದಯ

ಅಂಧರ ಶಿಕ್ಷಣದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಮಾರ್ಗಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕೆಲವರು ದಾನಿಗಳ ಮತ್ತು ಸಂಸ್ಥಾಪಕರ ಕರುಣೆಯನ್ನು ಕೊಂಡಾಡುತ್ತಾರೆ; ಮತ್ತೆ ಕೆಲವರು ವಿಧಿಯನ್ನು ಗೆದ್ದ ಅಸಾಮಾನ್ಯ ಪುರುಷನೊಬ್ಬನ ಪವಾಡವನ್ನು ವರ್ಣಿಸುತ್ತಾರೆ. ಈ ಎರಡು ಬಗೆಯ ಕಥನಗಳಲ್ಲಿಯೂ, ದೃಷ್ಟಿಯಿಲ್ಲದ ಬಾಲಕನು ದಿನದಿನವೂ ಹೇಗೆ ಬಾಳಿದನು, ಯಾರೊಡನೆ ಕಲಿತನು, ಯಾವುದನ್ನು ತನ್ನ ಕೈಯಿಂದಲೇ ಸಾಧಿಸಿದನು ಎಂಬ ಪ್ರಶ್ನೆ ಮರೆಯಾಗುತ್ತದೆ. ಫ್ರಾನ್ಸಿನ ಲೂಯಿ ಬ್ರೈಲನ ಬಾಲ್ಯವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಬ್ರೈಲನು 1809ರ ಜನವರಿ 4ರಂದು ಪ್ಯಾರಿಸ್ ನಗರದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದ ಕೂಪ್ವ್ರೇ ಎಂಬ ಹಳ್ಳಿಯಲ್ಲಿ, ನಾಲ್ವರು ಮಕ್ಕಳಲ್ಲಿ ಕಿರಿಯವನಾಗಿ ಹುಟ್ಟಿದನು. ಅವನ ತಂದೆ ಸಿಮೋನ್ ರೆನೆ ಕುದುರೆಗಳಿಗೆ ಜೀನು, ಬಾರು, ಲಗಾಮುಗಳನ್ನು ಮಾಡಿಕೊಡುವ ಕುಶಲಕರ್ಮಿ. ಮೂರನೆಯ ವಯಸ್ಸಿನಲ್ಲಿ ತಂದೆಯ ಕೆಲಸದ ಮನೆಯಲ್ಲಿ ಆಡುತ್ತಿದ್ದಾಗ ತೊಗಲು ಕೆಲಸದ ಹರಿತವಾದ ಹತಾರವೊಂದು ಮಗುವಿನ ಕಣ್ಣಿಗೆ ತಗುಲಿತು. ಗಾಯದ ಸೋಂಕು ಇನ್ನೊಂದು ಕಣ್ಣಿಗೂ ಹಬ್ಬಿ, ಐದು ವರ್ಷ ತುಂಬುವ ವೇಳೆಗೆ ದೃಷ್ಟಿ ಸಂಪೂರ್ಣವಾಗಿ ನಷ್ಟವಾಯಿತು.

ಆ ಕಾಲದ ಯೂರೋಪಿನ ಹಳ್ಳಿಗಳಲ್ಲಿ ಬಡ ಅಂಧನಿಗೆ ಭಿಕ್ಷೆಯೇ ಗತಿಯಾಗಿದ್ದುದು ಅಪರೂಪವಲ್ಲ. ಬ್ರೈಲ್ ಕುಟುಂಬವಾದರೋ ಬೇರೆ ದಾರಿಯನ್ನು ಆರಿಸಿಕೊಂಡಿತು. ತಂದೆ ಮಗನಿಗೆ ಊರುಗೋಲನ್ನು ಮಾಡಿಕೊಟ್ಟನು. ಅದರ ಆಸರೆಯಲ್ಲಿ ಬಾಲಕನು ಊರಿನ ಬೀದಿಗಳಲ್ಲಿ ತಾನೇ ನಡೆದಾಡಲು ಕಲಿತನು. ಹಲಗೆಯ ಮೇಲೆ ಮೊಳೆಗಳನ್ನು ಅಕ್ಷರಗಳ ಆಕಾರದಲ್ಲಿ ಬಡಿದು ಮಗನ ಬೆರಳುಗಳಿಗೆ ಅಕ್ಷರಾಭ್ಯಾಸ ಮಾಡಿಸಿದವನೂ ತಂದೆಯೇ ಎಂದು ಜೀವನಚರಿತ್ರಕಾರರು ಹೇಳುತ್ತಾರೆ. ಊರಿನ ಪಾದ್ರಿ ಪಾಲ್ಯುಯಿ ಅವನಿಗೆ ಪಾಠ ಹೇಳಿದನು. ಉಪಾಧ್ಯಾಯ ಬೆಶೆರೆ ಅವನನ್ನು ಕಣ್ಣುಳ್ಳ ಮಕ್ಕಳ ನಡುವೆಯೇ ಶಾಲೆಯಲ್ಲಿ ಕುಳ್ಳಿರಿಸಿಕೊಂಡನು. ಕೇಳಿ ಕಲಿಯುವುದರಲ್ಲಿ ಬಾಲಕನು ಯಾರಿಗೂ ಹಿಂದಾಗಲಿಲ್ಲ. ಕೊರತೆಯಿದ್ದುದು ಒಂದೇ: ಇತರರು ಪುಸ್ತಕ ತೆರೆದಾಗ ಅವನ ಕೈ ಬರಿದಾಗಿರುತ್ತಿತ್ತು.

ಈ ಕೊರತೆಯೇ ಅವನನ್ನು ಪ್ಯಾರಿಸ್ಸಿಗೆ ಕರೆದೊಯ್ದಿತು. 1819ರ ಫೆಬ್ರವರಿಯಲ್ಲಿ, ಹತ್ತನೆಯ ವಯಸ್ಸಿನಲ್ಲಿ, ಅವನು ಅಲ್ಲಿನ ರಾಜಕೀಯ ಅಂಧ ಬಾಲಕರ ವಿದ್ಯಾಲಯವನ್ನು ಸೇರಿದನು. ಈ ಸಂಸ್ಥೆಯ ಮೂಲ, ವಾಲಂತೇನ್ ಅಯುಯಿ ಎಂಬ ಮಹನೀಯನು 1780ರ ದಶಕದ ಮಧ್ಯದಲ್ಲಿ ಸ್ಥಾಪಿಸಿದ ಶಾಲೆ. ರೋಮನ್ ಅಕ್ಷರಗಳನ್ನೇ ದಪ್ಪ ಕಾಗದದ ಮೇಲೆ ಉಬ್ಬುವಂತೆ ಒತ್ತಿ ಪುಸ್ತಕಗಳನ್ನು ಮಾಡಿಸಿದವನು ಅಯುಯಿ. ಅಂಧನೂ ಓದಬಲ್ಲನೆಂಬುದನ್ನು ಲೋಕಕ್ಕೆ ತೋರಿಸಿದ ಕೀರ್ತಿ ಅವನದು. ಆದರೆ ಈ ಪುಸ್ತಕಗಳು ಗಾತ್ರದಲ್ಲಿ ದೊಡ್ಡವು, ಸಂಖ್ಯೆಯಲ್ಲಿ ಕಡಮೆ. ಪ್ರತಿಯೊಂದು ಅಕ್ಷರದ ಗೆರೆಯನ್ನೂ ಬೆರಳಿನಿಂದ ಸವರಿ ಗುರುತಿಸಬೇಕಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಆ ರೀತಿಯಲ್ಲಿ ವಿದ್ಯಾರ್ಥಿಯು ಸುಲಭವಾಗಿ ತಾನೇ ಬರೆಯುವಂತಿರಲಿಲ್ಲ. ಆ ಲಿಪಿ ಕಣ್ಣುಳ್ಳ ಗುರುವಿಗೆ ಪರಿಚಿತವಾಗಿತ್ತು, ಬೆರಳಿಗೆ ಅನುಕೂಲವಾಗಿರಲಿಲ್ಲ.

1821ರಲ್ಲಿ ಹಿಂದೆ ಫಿರಂಗಿ ದಳದ ಅಧಿಕಾರಿಯಾಗಿದ್ದ ಷಾರ್ಲ್ ಬಾರ್ಬಿಯೆ ಎಂಬುವನ ಚುಕ್ಕೆಗಳ ಬರವಣಿಗೆ ವಿದ್ಯಾಲಯದಲ್ಲಿ ಪ್ರಯೋಗಕ್ಕೆ ಬಂದಿತು. ರಾತ್ರಿಯ ಕತ್ತಲಿನಲ್ಲಿ ಸೈನಿಕರು ಓದಲೆಂದು ಇದು ಹುಟ್ಟಿತೆಂಬ ಪ್ರಸಿದ್ಧವಾದ ಕಥೆಗೆ ದೃಢವಾದ ಆಧಾರವಿಲ್ಲ. ಎರಡು ಸಾಲುಗಳಲ್ಲಿ ಆರಾರರಂತೆ ಒಟ್ಟು ಹನ್ನೆರಡು ಚುಕ್ಕೆಗಳವರೆಗೆ ಬಳಸುತ್ತಿದ್ದ ಈ ಪದ್ಧತಿಯಲ್ಲಿ ಧ್ವನಿಗಳಿಗೆ ಚಿಹ್ನೆಗಳಿದ್ದವೇ ಹೊರತು ಅಕ್ಷರಗಳಿಗೆ ಇರಲಿಲ್ಲ. ಕಾಗುಣಿತ, ವಿರಾಮ ಚಿಹ್ನೆ, ಸಂಗೀತದ ಸ್ವರಗಳಿಗೂ ಅವಕಾಶವಿರಲಿಲ್ಲ. ಆದರೂ ಚುಕ್ಕೆಯು ಗೆರೆಗಿಂತ ಬೆರಳಿಗೆ ಸ್ಪಷ್ಟವೆಂಬುದು ವಿದ್ಯಾರ್ಥಿಗಳಿಗೆ ಕೂಡಲೇ ಗೊತ್ತಾಯಿತು. ಪಂಕ್ತಿಯಿದ್ದ ಹಲಗೆ, ಮೊನೆಯ ಕಡ್ಡಿಗಳಿಂದ ಅವರು ತಾವೇ ಬರೆಯಲೂ ಸಾಧ್ಯವಾಯಿತು.

ಹನ್ನೆರಡು ವರ್ಷದ ಬ್ರೈಲನು ಈ ಪದ್ಧತಿಯ ಗುಣದೋಷಗಳನ್ನು ತನ್ನ ಬೆರಳಿನಿಂದಲೇ ಅಳೆದನು. ಬೆರಳ ತುದಿ ಒಂದೇ ಸ್ಪರ್ಶದಲ್ಲಿ ಗ್ರಹಿಸಲಾರದ ಚಿಹ್ನೆಯು ಓದಿನ ವೇಗಕ್ಕೆ ಅಡ್ಡಿಯೆಂದು ಕಂಡುಕೊಂಡು ಚುಕ್ಕೆಗಳನ್ನು ಆರಕ್ಕೆ ಇಳಿಸಿದನು. ಆರು ಚುಕ್ಕೆಗಳಿಂದ 63 ಬೇರೆ ಬೇರೆ ಚಿಹ್ನೆಗಳು ದೊರೆಯುತ್ತವೆ. ಅಕ್ಷರ, ಅಂಕಿ, ಸಂಗೀತ ಮೂರಕ್ಕೂ ಇವು ಸಾಕು. 1824ರ ವೇಳೆಗೆ, ಅಂದರೆ ಹದಿನೈದನೆಯ ವಯಸ್ಸಿನಲ್ಲಿ, ಈ ವ್ಯವಸ್ಥೆ ಬಹುಮಟ್ಟಿಗೆ ಸಿದ್ಧವಾಗಿತ್ತು. 1829ರಲ್ಲಿ ಅದು ಪುಸ್ತಕರೂಪದಲ್ಲಿ ಪ್ರಕಟವಾಯಿತು. ಆ ಪುಸ್ತಕವನ್ನು ಮುದ್ರಿಸಿದ್ದು ಮಾತ್ರ ಹಳೆಯ ಉಬ್ಬಕ್ಷರಗಳಲ್ಲಿಯೇ. ತನ್ನ ಮೊದಲ ಆಲೋಚನೆಗೆ ಬಾರ್ಬಿಯೆಯ ಪದ್ಧತಿಯೇ ಮೂಲವೆಂದು ಬ್ರೈಲನು ಅದರಲ್ಲಿ ಕೃತಜ್ಞತೆಯಿಂದ ಒಪ್ಪಿಕೊಂಡಿದ್ದಾನೆ. 1837ರಲ್ಲಿ ಪರಿಷ್ಕೃತ ಆವೃತ್ತಿ ಹೊರಬಂದಿತು. ಅಷ್ಟರಲ್ಲಿ ಅವನು ಅದೇ ವಿದ್ಯಾಲಯದ ಅಧ್ಯಾಪಕನೂ ಪ್ಯಾರಿಸ್ಸಿನ ಚರ್ಚಿನಲ್ಲಿ ಆರ್ಗನ್ ವಾದಕನೂ ಆಗಿದ್ದನು.

ಹೊಸ ಲಿಪಿಗೆ ವಿರೋಧ ಬಾರದಿರಲಿಲ್ಲ. ಅಂಧರಿಗೆ ಪ್ರತ್ಯೇಕ ಲಿಪಿಯಾದರೆ ಅವರು ಕಣ್ಣುಳ್ಳವರ ಸಮಾಜದಿಂದಲೇ ಪ್ರತ್ಯೇಕರಾಗುವರೆಂಬುದು ವಿರೋಧಿಗಳ ವಾದ. ಈ ವಾದವನ್ನು ಕೇವಲ ಮೂಢತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಶಾಲೆಯ ಹೊರಗೆ ಅಂಧನು ಬಾಳಬೇಕಾದುದು ಕಣ್ಣುಳ್ಳವರ ನಡುವೆಯೇ. ಆದರೆ ಈ ವಾದವನ್ನು ಹೂಡಿದವರು ಆ ಲಿಪಿಯಿಂದ ಓದಬೇಕಾದವರನ್ನು ವಿಚಾರಿಸಲಿಲ್ಲವೆಂಬುದು ಗಮನಾರ್ಹ. ಬ್ರೈಲನಿಗೆ ಬೆಂಬಲವಾಗಿದ್ದ ನಿರ್ದೇಶಕ ಪಿನ್ಯೆ 1840ರಲ್ಲಿ ಅಧಿಕಾರ ಕಳೆದುಕೊಂಡನು. ಅವನ ಸ್ಥಾನಕ್ಕೆ ಬಂದ ದ್ಯುಫೋ ಉಬ್ಬಕ್ಷರಗಳನ್ನೇ ಎತ್ತಿಹಿಡಿದು ಚುಕ್ಕೆ ಲಿಪಿಯನ್ನು ತರಗತಿಯಿಂದ ಹೊರಗಿಟ್ಟನು. ವಿದ್ಯಾರ್ಥಿಗಳು ಅದನ್ನು ಬಿಡಲಿಲ್ಲ. ತಮ್ಮತಮ್ಮಲ್ಲಿಯೇ ಗುಟ್ಟಾಗಿ ಕಲಿತು ಕಲಿಸಿದರು. ಕೊನೆಗೆ 1844ರ ಫೆಬ್ರವರಿಯಲ್ಲಿ ವಿದ್ಯಾಲಯದ ಹೊಸ ಕಟ್ಟಡದ ಉದ್ಘಾಟನೆಯ ಸಮಯದಲ್ಲಿ, ಸಹಾಯಕನಾಗಿದ್ದ ಗ್ವಾದೆ ಆ ಲಿಪಿಯ ಪ್ರಯೋಜನವನ್ನು ಸಭೆಗೆ ವಿವರಿಸಿದನು. ವಿದ್ಯಾರ್ಥಿಗಳು ಎಲ್ಲರೆದುರು ಬರೆದು ಓದಿ ತೋರಿಸಿದರು. ಲಿಪಿಯನ್ನು ಉಳಿಸಿದುದು ಯಾವ ರಾಜಾಜ್ಞೆಯೂ ಅಲ್ಲ, ಅದನ್ನು ಬಳಸುತ್ತಿದ್ದ ಮಕ್ಕಳ ಬೆರಳುಗಳ ತೀರ್ಪು ಎಂದು ನಾವು ಭಾವಿಸುತ್ತೇವೆ.

ಕ್ಷಯರೋಗದಿಂದ ಬಹುಕಾಲ ಬಳಲಿ ಬ್ರೈಲನು 1852ರ ಜನವರಿ 6ರಂದು ತೀರಿಕೊಂಡನು. ಫ್ರಾನ್ಸ್ ಅವನ ಲಿಪಿಗೆ ಅಧಿಕೃತ ಮನ್ನಣೆ ಕೊಟ್ಟಿದ್ದು ಎರಡು ವರ್ಷಗಳ ಅನಂತರ, 1854ರಲ್ಲಿ. 1952ರಲ್ಲಿ ಅವನ ಅಸ್ಥಿಗಳನ್ನು ಪ್ಯಾರಿಸ್ಸಿನ ಪಾಂಥಿಯೋನ್ ಸ್ಮಾರಕಕ್ಕೆ ಸಾಗಿಸಿದಾಗ ಕೈಗಳ ಅವಶೇಷಗಳನ್ನು ಮಾತ್ರ ಕೂಪ್ವ್ರೇ ಗ್ರಾಮದಲ್ಲಿಯೇ ಉಳಿಸಿಕೊಳ್ಳಲಾಯಿತು.

ನಮ್ಮ ದೇಶದಲ್ಲಿ ಈ ಲಿಪಿಯ ಚರಿತ್ರೆ ಇನ್ನೊಂದು ಬಗೆಯ ತೊಡಕನ್ನು ಕಂಡಿತು. 1887ರಲ್ಲಿ ಅಮೃತಸರದಲ್ಲಿ, 1901ರಲ್ಲಿ ಮೈಸೂರಿನಲ್ಲಿ ಅಂಧರ ಶಾಲೆಗಳು ಆರಂಭವಾದವು. ಆದರೆ ಒಂದೊಂದು ಪ್ರಾಂತದವರು ಆರು ಚುಕ್ಕೆಗಳಿಗೆ ತಮಗೆ ತೋರಿದಂತೆ ಅಕ್ಷರಗಳನ್ನು ಹೊಂದಿಸಿಕೊಂಡುದರಿಂದ ಹಲವು ಸಂಕೇತಗಳು ಬೆಳೆದವು. ಮೈಸೂರಿಗೂ ತನ್ನದೇ ಒಂದು ಸಂಕೇತವಿತ್ತು. ಒಂದು ಕಡೆ ಕಲಿತವನಿಗೆ ಇನ್ನೊಂದು ಕಡೆಯ ಪುಸ್ತಕ ಉಪಯೋಗಕ್ಕೆ ಬರುತ್ತಿರಲಿಲ್ಲ. ಯುನೆಸ್ಕೋ ಸಂಸ್ಥೆಯ ನೆರವಿನಿಂದ 1951ರಲ್ಲಿ ಭಾರತೀ ಬ್ರೈಲ್ ರೂಪುಗೊಂಡು ಈ ತೊಡಕು ನಿವಾರಣೆಯಾಯಿತು. ಅದರ ಪ್ರಕಾರ ಕನ್ನಡದ ‘ಕ’ಕಾರಕ್ಕೂ ಹಿಂದಿಯ ‘ಕ’ಕಾರಕ್ಕೂ ಚಿಹ್ನೆ ಒಂದೇ, ಬ್ರೈಲನು ‘ಕೆ’ ಎಂಬ ರೋಮನ್ ಅಕ್ಷರಕ್ಕೆ ಕೊಟ್ಟ ಎರಡು ಚುಕ್ಕೆಗಳೇ ಅವು.

ಬ್ರೈಲನ ಪ್ರತಿಭೆಯನ್ನು ಕಡಮೆ ಮಾಡುವುದು ನಮ್ಮ ಇಚ್ಛೆಯಲ್ಲ. ಆದರೆ ಊರುಗೋಲನ್ನು ಕೊಟ್ಟು ಹೊರಗೆ ಕಳುಹಿಸಿದ ತಂದೆ, ತರಗತಿಯಲ್ಲಿ ಜಾಗ ಕೊಟ್ಟ ಹಳ್ಳಿಯ ಉಪಾಧ್ಯಾಯ, ನಿಷೇಧದ ನಡುವೆಯೂ ಬರೆಯುತ್ತಿದ್ದ ವಿದ್ಯಾರ್ಥಿಗಳು ಇವರಿಲ್ಲದೆ ಆ ಪ್ರತಿಭೆ ಫಲಿಸುತ್ತಿತ್ತೆಂದು ಹೇಳಲಾಗದು. ಅಂಧ ಬಾಲಕನ ಆತ್ಮವಿಶ್ವಾಸವು ಹುಟ್ಟಿನಿಂದ ಬಂದ ವರವಲ್ಲ, ಇತರರ ಮರುಕದಿಂದ ದೊರೆಯುವಂಥದೂ ಅಲ್ಲ. ಅವನ ಕೈಗೆ ತಕ್ಕ ಸಾಧನವನ್ನು ಕೊಟ್ಟು, ಆ ಸಾಧನದ ಗುಣದೋಷಗಳನ್ನು ನಿರ್ಣಯಿಸುವ ಅಧಿಕಾರವನ್ನೂ ಅವನಿಗೇ ಬಿಟ್ಟುಕೊಟ್ಟಾಗ ಅದು ಬೆಳೆಯುತ್ತದೆ. ಅಂಧರ ಶಿಕ್ಷಣದ ಚರಿತ್ರೆಯನ್ನು ಇನ್ನು ಮುಂದೆ ಬರೆಯುವವರು ಈ ದೃಷ್ಟಿಯಿಂದಲೂ ಆಕರಗಳನ್ನು ಪರಿಶೀಲಿಸುವುದು ಅಗತ್ಯವೆಂದು ನಮಗೆ ತೋರುತ್ತದೆ.