ಪೊಳ್ಳಿಲೂರಿನ ಹೈಲ್ಯಾಂಡರ್ ಯೋಧರು: ಶ್ರೀರಂಗಪಟ್ಟಣದ ಎರಡು ಸಾಕ್ಷ್ಯಗಳು

1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಅಲಿ ಹಾಗೂ ಟಿಪ್ಪುವಿನ ಸೇನೆಯು ಕರ್ನಲ್ ವಿಲಿಯಂ ಬೇಯ್ಲಿಯ ಪಡೆಯನ್ನು ನಿರ್ನಾಮಗೊಳಿಸಿತು. ಕಂಪನಿಯ ಭಾರತೀಯ ಸಿಪಾಯಿಗಳೊಡನೆ ಸ್ಕಾಟ್ಲೆಂಡಿನ 73ನೆಯ ಹೈಲ್ಯಾಂಡರ್ ದಳದ ಎರಡು ತುಕಡಿಗಳೂ ಅದರಲ್ಲಿದ್ದವು. ಸೆರೆಸಿಕ್ಕವರಲ್ಲಿ ಆ ದಳದ ಕ್ಯಾಪ್ಟನ್ ಡೇವಿಡ್ ಬೇರ್ಡ್ ಶ್ರೀರಂಗಪಟ್ಟಣದಲ್ಲಿ ಬಂಧಿಯಾಗಿದ್ದು, 1784ರ ಮಂಗಳೂರು ಒಪ್ಪಂದದಿಂದ ಬಿಡುಗಡೆ ಹೊಂದಿದನು. 1799ರ ಮೇ 4ರಂದು ಅದೇ ಕೋಟೆಯ ಮೇಲಿನ ಅಂತಿಮ ದಾಳಿಯ ನೇತೃತ್ವ ವಹಿಸಿದನು.

1782ರಲ್ಲಿ ಸೆರೆಯಲ್ಲಿಯೇ ಮಡಿದ ಬೇಯ್ಲಿಗೆ ಆತನ ಬಂಧು ಜಾನ್ ಬೇಯ್ಲಿ 1816ರಲ್ಲಿ ಗುಂಬಜ್‌ನ ಸಮೀಪ ಸ್ಮಾರಕವನ್ನು ಕಟ್ಟಿಸಿದನು. ಆ ಸ್ಮಾರಕ ದಂಡನಾಯಕನದು. ಸಾಮಾನ್ಯ ಯೋಧರನ್ನು ಕಾಣಬೇಕಾದರೆ ದರಿಯಾ ದೌಲತಿನ ಭಿತ್ತಿಚಿತ್ರಕ್ಕೇ ಹೋಗಬೇಕು. ಅಲ್ಲಿ ಬೇಯ್ಲಿಯ ಪಲ್ಲಕ್ಕಿಯ ಸುತ್ತ ಚೌಕಾಕಾರವಾಗಿ ನಿಂತ ಕೆಂಪಂಗಿಯ ಸಾಲುಗಳಿವೆ. ಹೆಸರಿಲ್ಲದ ಆ ಯೋಧರ ನೆನಪನ್ನು ಕನ್ನಡ ನಾಡಿನಲ್ಲಿ ಉಳಿಸಿರುವುದು ಅವರನ್ನು ಗೆದ್ದವರ ಕುಂಚವೇ ಎಂಬುದು ಗಮನಾರ್ಹ.