ಹಿಂದೂಪುರದಲ್ಲೊಂದು ದೋಣಿ ಎಂಜಿನ್

ಹಿಂದೂಪುರದ ನಮ್ಮ ಅಂಗಡಿಯ ಗೋದಾಮಿನಲ್ಲಿ, ಹುಣಸೆ ಮತ್ತು ಬೆಲ್ಲದ ಮೂಟೆಗಳ ಹಿಂದೆ, ಒಂದು ಔಟ್‌ಬೋರ್ಡ್ ಎಂಜಿನ್ ಇಪ್ಪತ್ತೆರಡು ವರ್ಷ ಬಿದ್ದಿತ್ತು. ಕಡಲಿಲ್ಲದ ಊರಿಗೆ ಅದು ಬಂದದ್ದು ಸಾಲದ ಲೆಕ್ಕದಲ್ಲಿ. ಉಳ್ಳಾಲದ ಮಾಮ ಅದನ್ನು ಕೊಳ್ಳಲು ಬಾಪನ ಹತ್ತಿರ ಹಣ ಪಡೆದಿದ್ದರು. ತೀರಿಸಲಾಗದೆ ಕೊನೆಗೆ ಎಂಜಿನನ್ನೇ ಲಾರಿಗೆ ಹಾಕಿ ಕಳಿಸಿದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಮಾಮ ಸಾಲ ಮಾಡಿದ್ದೇಕೆ ಎನ್ನುವುದಕ್ಕೆ ನಮ್ಮ ಕರಾವಳಿಯ ಚರಿತ್ರೆಯೇ ಉತ್ತರ. ಹಿಂದೆ ರಂಪಣಿ ಬಲೆಯ ಕಾಲವಿತ್ತು. ದೋಣಿಯಲ್ಲಿ ಬಲೆ ಸುತ್ತು ಹಾಕಿ, ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದರು. ಬಂಗುಡೆ, ಬೂತಾಯಿ ದಡದ ಹತ್ತಿರ ಬಂದರೆ ಊರಿಗೆಲ್ಲ ಪಾಲು. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದವು. ಮೀನು ದಡ ಸೇರುವ ಮೊದಲೇ ಸುತ್ತುವರಿದವು. ರಂಪಣಿ ಮೂಲೆ ಸೇರಿತು. ಹುಟ್ಟು ಹಾಕುವವರೂ ದೂರ ಹೋಗಬೇಕಾಯಿತು. 1980ರ ದಶಕದಿಂದ ನಾಡದೋಣಿಗಳಿಗೆ ಈ ಎಂಜಿನ್ ಏರಿತು.

ಇಂಥ ಎಂಜಿನನ್ನು 1909ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ತಂದು ಜನಪ್ರಿಯಗೊಳಿಸಿದವರು ನಾರ್ವೆಯಲ್ಲಿ ಹುಟ್ಟಿದ ಓಲೆ ಎವಿನ್‌ರೂಡ್. ಅದೇ ನಾರ್ವೆ ದೇಶ 1952ರ ಒಪ್ಪಂದದಂತೆ ಕೊಲ್ಲಂ ಬಳಿಯ ನೀಂಡಕರದಲ್ಲಿ ಮೀನುಗಾರಿಕೆಯ ಯಾಂತ್ರೀಕರಣಕ್ಕೆ ನೆರವಾಯಿತು. ಆದರೆ ನಮ್ಮವರು ಇದನ್ನು ಸೀಮೆಎಣ್ಣೆಯಲ್ಲಿ ಓಡಿಸಿದರು. ಪೆಟ್ರೋಲಿನಲ್ಲಿ ಸ್ಟಾರ್ಟ್, ಬಿಸಿಯಾದ ಮೇಲೆ ಸೀಮೆಎಣ್ಣೆ. ಸಬ್ಸಿಡಿ ಸೀಮೆಎಣ್ಣೆ ಸಾಲದೆ ಹೊರಗೆ ಕೊಂಡ ತಿಂಗಳು ಮೀನಿನ ದುಡ್ಡೆಲ್ಲ ಎಣ್ಣೆಗೇ. ಮಾಮ ಸೋತದ್ದು ಹೀಗೆ.

ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ನಾನು ಕಳೆದ ವರ್ಷ ಅದನ್ನು ಬಿಚ್ಚಿದೆ. ಉಪ್ಪುನೀರು ಉಕ್ಕಿನ ಬೋಲ್ಟನ್ನೂ ಅಲ್ಯೂಮಿನಿಯಂ ಬಾಡಿಯನ್ನೂ ಒಂದೇ ಮಾಡಿಬಿಟ್ಟಿತ್ತು. ಗೇರಿನ ಎಣ್ಣೆ ಹಾಲಿನಂತಾಗಿತ್ತು. ಅಂದರೆ ಸೀಲ್ ಹೋಗಿ ನೀರು ನುಗ್ಗಿದೆ. ನೀರೆತ್ತುವ ರಬ್ಬರ್ ಇಂಪೆಲ್ಲರ್ ಒಣಗಿ ಸೀಳಿತ್ತು. ಸೀಲು, ಇಂಪೆಲ್ಲರ್ ಮಂಗಳೂರಿನಿಂದ ತರಿಸಿದೆ. ಫ್ಲೈವೀಲ್ ಕೆಳಗಿನ ಪಾಯಿಂಟ್ ಉಜ್ಜಿ ಗ್ಯಾಪ್ ಹಿಡಿದೆ. ಒಳಗೇ ಮುರಿದ ಬೋಲ್ಟಿಗಾಗಿ ಕಲ್ಯಾಣದುರ್ಗದ ಲೇತ್ ಅಂಗಡಿಗೆ ಹೋದೆ. ಬೋರ್‌ವೆಲ್ ಪಂಪುಗಳನ್ನೇ ನೋಡಿದ್ದ ಮೇಸ್ತ್ರಿ, "ಇದಿ ಏ ಬೋರುಕು, ಬಾಬೂ?" ಎಂದು ಕೇಳಿದರು. ಕಡಲಿಗೆ ಎಂದಾಗ ನಕ್ಕರು. ಆದರೆ ಮುರಿದ ಬೋಲ್ಟನ್ನು ಕೊರೆದು ತೆಗೆದು ಹೊಸ ಥ್ರೆಡ್ ಹಾಕಿಕೊಟ್ಟರು.

ಬ್ಯಾರಿ ಎಂಬ ಹೆಸರು ವ್ಯಾಪಾರ ಎಂಬರ್ಥದ 'ಬ್ಯಾರ'ದಿಂದ ಬಂತು ಎನ್ನುವವರಿದ್ದಾರೆ, ಕಡಲೆಂಬರ್ಥದ ಅರಬ್ಬಿಯ 'ಬಹ್ರ್'ನಿಂದ ಎನ್ನುವವರೂ ಇದ್ದಾರೆ. ನಮ್ಮ ಮನೆಯಲ್ಲಿ ಎರಡೂ ಇತ್ತು. ಒಂದು ಇನ್ನೊಂದಕ್ಕೆ ಸಾಲ ಕೊಟ್ಟು ಮುನಿಸಿಕೊಂಡಿತ್ತು.

ಅಂಗಡಿ ಹಿಂದೆ ಡ್ರಮ್ಮಿಗೆ ನೀರು ತುಂಬಿ ಎಂಜಿನ್ ಇಳಿಸಿ ಹಗ್ಗ ಎಳೆದೆ. ಹತ್ತಾರು ಸಲ ಎಳೆದ ಮೇಲೆ ಹೊಗೆ ಉಗುಳಿ ಹತ್ತಿಕೊಂಡಿತು. ತಂಪುನೀರಿನ ತೂತಿನಿಂದ ಸಣ್ಣ ಧಾರೆ ಹಾರಿತು. ಮಾಮನಿಗೆ ಫೋನ್ ಹಚ್ಚಿ ಅದರ ಹತ್ತಿರ ಹಿಡಿದೆ. ಅತ್ತ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಸೀಮೆಎಣ್ಣೆಯಲ್ಲೇ ನಿಲ್ಲಿಸಬೇಡ ಮೋನೆ, ಮೊದಲು ಪೆಟ್ರೋಲಿಗೆ ತಿರುಗಿಸು. ಇಲ್ಲದಿದ್ದರೆ ನಾಳೆ ಸ್ಟಾರ್ಟ್ ಆಗಲ್ಲ" ಎಂದರು.

ಗಲ್ಲಾದಿಂದ ಎದ್ದು ಬಂದ ಬಾಪ ಫೋನ್ ಇಸಿದುಕೊಂಡರು. ಸಲಾಂ ಹೇಳಿ ಒಂದೇ ಮಾತು ಹೇಳಿದರು: "ಬಂದು ತಗೊಂಡು ಹೋಗು."