ಬಿದಿರಿಗೆ ಎರಡು ಬೆಲೆ

ಅಕ್ಕಿ ಕೇರುವ ಮೊರ, ಮಕ್ಕಳು ಬರೆಯುವ ನೋಟುಪುಸ್ತಕ, ಈ ಎರಡೂ ನಿಮ್ಮ ಮನೆಯಲ್ಲಿ ಇದ್ದೇ ಇರುತ್ತವೆ. ಉತ್ತರ ಕನ್ನಡದ ಒಂದೇ ಕಾಡಿನ ಬಿದಿರು ಇವೆರಡಕ್ಕೂ ಮೂಲವಾಗಿದ್ದ ಕಾಲವೊಂದಿತ್ತು. ಬಿದಿರು ಒಂದೇ ಆದರೂ ಬೆಲೆ ಒಂದೇ ಆಗಿರಲಿಲ್ಲ. ಏಕೆಂದು ತಿಳಿಯಲು ಹಳಿಯಾಳ, ದಾಂಡೇಲಿ, ಜೋಯಿಡಾ ಪ್ರದೇಶದ ಇತಿಹಾಸವನ್ನು ಸ್ವಲ್ಪ ನೋಡಬೇಕು.

ಎರಡನೆಯ ಮಹಾಯುದ್ಧದ ತರುವಾಯ ಸರ್ಕಾರವೇ ಯೋಜನೆ ಹಾಕಿ ಕೈಗಾರಿಕೆ ಬೆಳೆಸಬೇಕೆಂಬುದು ಅನೇಕ ದೇಶಗಳ ನಂಬಿಕೆಯಾಗಿತ್ತು. ಸಮಾಜವಾದಿ ಪೋಲೆಂಡ್ 1949ರಲ್ಲಿ ಕ್ರಾಕೋವ್ ನಗರದ ಬಳಿ ಉಕ್ಕಿನ ಕಾರ್ಖಾನೆಗೆಂದೇ ನೋವಾ ಹುತಾ ಎಂಬ ಊರನ್ನು ಕಟ್ಟತೊಡಗಿತು. ನಮ್ಮದು ಅಂಥ ಆಡಳಿತವಲ್ಲ; ಇಲ್ಲಿ ಖಾಸಗಿ ಕಂಪನಿಗಳಿಗೂ ಎಡೆಯಿತ್ತು. ಆದರೂ ಕಾಡು ಸರ್ಕಾರದ್ದು, ಅದರ ಉತ್ಪನ್ನಕ್ಕೆ ಬೆಲೆ ಕಟ್ಟುವುದೂ ಸರ್ಕಾರವೇ.

ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ 1955ರಲ್ಲಿ ಸ್ಥಾಪನೆಯಾಯಿತು. ಆಗ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1958ರಲ್ಲಿ ಕಾರ್ಖಾನೆಗೆ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲಾಯಿತು. ಹೀಗೆ ಕಾಳೀ ಕಣಿವೆಯ ಕಾಡು ದೇಶದ ದೊಡ್ಡ ಮಾರುಕಟ್ಟೆಯೊಡನೆ ಜೋಡಣೆಗೊಂಡಿತು. ಇದರಿಂದ ಒಳಿತಾಗಲಿಲ್ಲವೆಂದು ಹೇಳುವುದು ನ್ಯಾಯವಲ್ಲ. ಕಾಡಿನ ನಡುವಣ ಸಣ್ಣ ಊರು ಪಟ್ಟಣವಾಯಿತು. ಸಾವಿರಾರು ಕುಟುಂಬಗಳಿಗೆ ಸಂಬಳ ಬಂತು. ಶಾಲೆಗಳಿಗೆ ಕಾಗದ ದೊರೆಯಿತು.

ಆದರೆ ಬುಟ್ಟಿ, ಮೊರ, ತಟ್ಟಿ ಹೆಣೆದು ಬದುಕುವ ಮೇದಾರರ ಪಾಡೇನು? ಅದೇ ಬಿದಿರಿಗೆ ಪೇಟೆಯಲ್ಲಿ ಅವರು ಎಷ್ಟೋ ಪಟ್ಟು ಹೆಚ್ಚು ತೆರಬೇಕಾಗಿತ್ತು. ಅಗ್ಗವಾಗಿ ಬಂದ ವಸ್ತುವನ್ನು ಉಳಿಸುವ ಚಿಂತೆ ಯಾರಿಗಿರುತ್ತದೆ? ಮೆಳೆಗಳು ಬರಿದಾಗತೊಡಗಿದವು. 1970ರ ದಶಕದಲ್ಲಿ ಮೇದಾರರು ಬಿದಿರು ಸಿಗುತ್ತಿಲ್ಲವೆಂದು ಮೊರೆಯಿಟ್ಟರು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಕಾಡಿಗೆ ಹೋಗಿ ಪರಿಶೀಲಿಸಿದರು. ಬಿದಿರು ಸೊಂಪಾಗಿ ಬೆಳೆಯಲೆಂದು ಮೆಳೆಯ ಬುಡದ ಮುಳ್ಳುಗಳನ್ನು ಸವರಿ ತೆಗೆಸುವುದು ಅರಣ್ಯ ಇಲಾಖೆಯ ಕ್ರಮವಾಗಿತ್ತು. ಹಳ್ಳಿಯವರು ಹೇಳಿದ್ದೇ ಬೇರೆ: ಎಳೆಯ ಕಳಲೆಯನ್ನು ದನಗಳ ಬಾಯಿಂದ ಕಾಯುವ ಬೇಲಿಯೇ ಆ ಮುಳ್ಳು. ಪರೀಕ್ಷೆಯಲ್ಲಿ ನಿಜವೆಂದು ಕಂಡುಬಂದದ್ದು ಹಳ್ಳಿಯವರ ಮಾತು.

ಪೋಲೆಂಡಿಗೆ ಮತ್ತೆ ಬರೋಣ. ಅಲ್ಲಿ 1989ರಲ್ಲಿ ಆಡಳಿತ ಬದಲಾಯಿತು. 1990ರ ಜನವರಿಯಿಂದ ಹೆಚ್ಚಿನ ಬೆಲೆಗಳನ್ನು ಸರ್ಕಾರದ ಹಿಡಿತದಿಂದ ಬಿಡಲಾಯಿತು. ಅಂಗಡಿಗಳಿಗೆ ಸರಕು ಬಂತು. ಅನೇಕರ ಕೆಲಸ ಹೋಯಿತು. 2004ರಲ್ಲಿ ಆ ದೇಶ ಐರೋಪ್ಯ ಒಕ್ಕೂಟವನ್ನು ಸೇರಿ ಮುಂದೆ ಸಾಕಷ್ಟು ಏಳಿಗೆ ಹೊಂದಿತಾದರೂ, ನಡುವಣ ವರ್ಷಗಳ ಭಾರವನ್ನು ಎಲ್ಲರೂ ಸಮನಾಗಿ ಹೊತ್ತವರಲ್ಲ. ಸರ್ಕಾರ ಕಟ್ಟಿದ ಬೆಲೆ ದಾಂಡೇಲಿಯ ಸುತ್ತಿನ ಮೇದಾರರನ್ನು ಮರೆಯಿತು. ಪೇಟೆ ಕಟ್ಟಿದ ಬೆಲೆ ಅಲ್ಲಿ ಕಾರ್ಖಾನೆಯ ಕೆಲಸಗಾರನನ್ನು ಮರೆಯಿತು.

ನಮ್ಮಲ್ಲಿಯೂ ತಿದ್ದುಪಡಿಗಳು ತಡವಾಗಿ ಬಂದವು. ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ಬೆಳೆಗಾರರಿಂದಲೇ ಪಡೆಯಬೇಕೆಂದು 1988ರ ರಾಷ್ಟ್ರೀಯ ಅರಣ್ಯ ನೀತಿ ಹೇಳಿತು. 2006ರ ಅರಣ್ಯ ಹಕ್ಕು ಕಾಯಿದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಎಣಿಸಿ, ಅದರ ಮೇಲೆ ಅರಣ್ಯವಾಸಿಗಳಿಗೆ ಹಕ್ಕು ಕೊಟ್ಟಿತು. ಕಾಡಿನ ಹೊರಗೆ ಬೆಳೆದ ಬಿದಿರು ಕಾನೂನಿನ ಕಣ್ಣಿನಲ್ಲಿ ಮರವಲ್ಲವೆಂದು 2017ರಲ್ಲಿ ತೀರ್ಮಾನವಾಯಿತು.

ಒಂದು ಸೀಮೆ ದೊಡ್ಡ ಮಾರುಕಟ್ಟೆಗೆ ಸೇರಿದಾಗ ಎಷ್ಟು ಸರಕು ಹೊರಬಿತ್ತೆಂದು ಲೆಕ್ಕ ಹಾಕುವುದು ಸುಲಭ. ಆ ಸರಕಿನಿಂದಲೇ ಹೊಟ್ಟೆ ಹೊರೆಯುತ್ತಿದ್ದವರನ್ನು ಬೆಲೆ ಗೊತ್ತುಮಾಡುವಾಗ ಯಾರಾದರೂ ಕೇಳಿದರೇ ಎಂಬ ಲೆಕ್ಕವನ್ನೂ ನಾವು ಇಡಬೇಕು. ಜನರ ಕ್ಷೇಮ ತಿಳಿಯುವುದು ಆ ಎರಡನೆಯ ಲೆಕ್ಕದಿಂದ.